ಉಭಯಪಕ್ಷಗಳ ಹಿತೈಷಿ

ನೋಂದಣಿಯಿಲ್ಲದೆ ಬಾಡಿಗೆ ಮನೆ ಕೊಡಿಸುವ ದಲ್ಲಾಳಿಗಳ ದಂಡವನ್ನು ದಿನಕ್ಕೆ 2,000 ರೂಪಾಯಿಯಿಂದ 25,000ಕ್ಕೆ ಏರಿಸುವ ತಿದ್ದುಪಡಿಗೆ 2025ರಲ್ಲಿ ನಮ್ಮ ಶಾಸಕರು ಒಪ್ಪಿಗೆ ಕೊಟ್ಟದ್ದರಿಂದ ಬೆಂಗಳೂರಿನ ಬ್ರೋಕರುಗಳ ನಿದ್ದೆ ಕೆಟ್ಟಿತೆಂದು ಯಾರೂ ಮರುಗಬೇಕಾಗಿಲ್ಲ. ಮೂಲ ಬಾಡಿಗೆ ಕಾಯ್ದೆ 1999ರದ್ದು. ಅಂದಿನಿಂದ ಇಂದಿನವರೆಗೆ ಮನೆ ತೋರಿಸಲು ಬಂದವರ ಕೈಯಲ್ಲಿ ಬೀಗದ ಕೈಗಳ ಗೊಂಚಲನ್ನು ಕಂಡವರು ಲೆಕ್ಕವಿಲ್ಲದಷ್ಟಿದ್ದಾರೆ. ನೋಂದಣಿ ಪತ್ರವನ್ನು ಕಂಡವರು ದಯವಿಟ್ಟು ಮುಂದೆ ಬರಬೇಕು, ಸನ್ಮಾನ ಮಾಡೋಣ. ವಸೂಲಿಗೆ ಯಾರೂ ಬಾರದಿದ್ದರೆ ದಂಡ ಹನ್ನೆರಡೂವರೆ ಪಟ್ಟಾದರೇನು, ನೂರು ಪಟ್ಟಾದರೇನು?

ಆದರೂ ಈ ವೃತ್ತಿಯವರ ನಿಷ್ಪಕ್ಷಪಾತವನ್ನು ಮೆಚ್ಚಲೇಬೇಕು. ವಕೀಲನಾದವನು ವಾದಿ, ಪ್ರತಿವಾದಿ ಇಬ್ಬರಿಂದಲೂ ಫೀಸು ಪಡೆದರೆ ಅವನ ಸನದು ಹೋಗುತ್ತದೆ. ಬ್ರೋಕರ್ ಮಾತ್ರ ಮಾಲೀಕನಿಂದಲೂ ಬಾಡಿಗೆದಾರನಿಂದಲೂ ಕಮಿಷನ್ ಪಡೆದು, ಇಬ್ಬರಿಗೂ ‘ನಾನು ನಿಮ್ಮ ಕಡೆಯವನು ಸಾರ್’ ಎಂದು ಪ್ರತ್ಯೇಕವಾಗಿ ಹೇಳಬಲ್ಲ. ಲೆಕ್ಕ ಹಾಕಿ ನೋಡಿ. ಕಮಿಷನ್ ಎಂದರೆ ಒಂದು ತಿಂಗಳ ಬಾಡಿಗೆ. 30,000 ರೂಪಾಯಿಯ ಮನೆಯನ್ನು ಅವನು ಚೌಕಾಸಿ ಮಾಡಿ 28,000ಕ್ಕೆ ಕೊಡಿಸಿದರೆ ಹನ್ನೊಂದು ತಿಂಗಳ ಕರಾರಿನ ಬಾಡಿಗೆಯಲ್ಲಿ ನಿಮಗೆ 22,000 ಉಳಿಯುತ್ತದೆ, ನಿಮ್ಮಿಂದ ಬರುವ ಕಮಿಷನ್ನಿನಲ್ಲೇ ಅವನಿಗೆ 2,000 ಖೋತಾ ಆಗುತ್ತದೆ. ತನ್ನ ಗಂಟು ಕರಗಿಸಿಕೊಂಡು ನಿಮ್ಮ ಗಂಟು ಬೆಳೆಸುವ ಈ ತ್ಯಾಗವನ್ನು ಅವನು ಯಾಕೆ ಮಾಡಬೇಕು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಮಾರಾಟದಲ್ಲಿ ಗಣಿತ ತಿರುವುಮುರುವಾಗಿ ಅದೇ ಫಲ ಕೊಡುತ್ತದೆ: ಬೆಲೆ ಏರಿದರೆ ಏಜೆಂಟನ ಕಮಿಷನ್ನೂ ತುಸು ಏರುತ್ತದೆ, ಆದರೆ ಆ ತುಸುವಿಗಾಗಿ ಅವನು ಕಾಯುತ್ತಾ ಕೂರುವುದಿಲ್ಲ. ಶಿಕಾಗೋ ಸುತ್ತಮುತ್ತಲಿನ ಮನೆ ಮಾರಾಟಗಳನ್ನು ಪರಿಶೀಲಿಸಿದ ಇಬ್ಬರು ಅರ್ಥಶಾಸ್ತ್ರಜ್ಞರು, ಏಜೆಂಟರು ಸ್ವಂತ ಮನೆಯನ್ನು ಮಾರುವಾಗ ಗಿರಾಕಿಗಳ ಮನೆಗಿಂತ ಸುಮಾರು ಒಂಬತ್ತು ದಿನ ಹೆಚ್ಚು ಕಾಯುತ್ತಾರೆ, ಶೇಕಡಾ 3ಕ್ಕೂ ಹೆಚ್ಚು ಬೆಲೆ ಪಡೆಯುತ್ತಾರೆ ಎಂದು ಕಂಡುಕೊಂಡರು. ತಾಳ್ಮೆಯೆಂಬ ಗುಣ ಅವರಲ್ಲಿ ಇಲ್ಲವೆಂದಲ್ಲ, ಅದನ್ನು ಮನೆಮಂದಿಗೆ ಮೀಸಲಿಟ್ಟಿದ್ದಾರೆ. ನಮ್ಮಲ್ಲಿ ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ನೋಂದಾಯಿತ ಯೋಜನೆಗಳ ನಿವೇಶನ, ಫ್ಲ್ಯಾಟು ಮಾರುವ ಏಜೆಂಟರಿಗೆ ನೋಂದಣಿಯನ್ನೂ ಲೆಕ್ಕಪತ್ರವನ್ನೂ ಕಡ್ಡಾಯಗೊಳಿಸಿದೆ. ವಸತಿಗೆಂದು ಪರಿವರ್ತನೆಯಾಗದ ಕಂದಾಯ ಭೂಮಿಯ ಸೈಟನ್ನು ‘ಇವತ್ತಲ್ಲ ನಾಳೆ ಎ ಖಾತಾ (ಪಾಲಿಕೆಯ ಸಕ್ರಮ ದಾಖಲೆ) ಆಗಿಯೇ ಆಗುತ್ತದೆ’ ಎಂದು ದಾಟಿಸುವವರು ಆ ಕಾಯ್ದೆಯ ಕಾಂಪೌಂಡಿನ ಹೊರಗೇ ಸ್ಕೂಟರ್ ನಿಲ್ಲಿಸಿಕೊಂಡಿರುತ್ತಾರೆ.

ಇಷ್ಟನ್ನೂ ನಕ್ಕು ಸಹಿಸಬಹುದು. ನಗಲಾಗದ್ದು ಬಾಡಿಗೆಗೆ ಮನೆ ಕೇಳಿ ಬಂದವರಿಗೆ ಬ್ರೋಕರ್ ನಡೆಸುವ ಆ ವಿಚಾರಣೆ. ಮಾಂಸ ತಿನ್ನುತ್ತೀರಾ, ಮದುವೆಯಾಗಿದೆಯೇ, ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀರಿ, ಕೊನೆಗೆ ತುಸು ದನಿ ತಗ್ಗಿಸಿ, ನೀವು ಯಾವ ಜನ? ಜಾತಿ ಕೇಳಿಸಿಕೊಂಡು ತಲೆ ತಗ್ಗಿಸಿ ಮೆಟ್ಟಿಲಿಳಿಯುವ ಹುಡುಗನೂ, ಹೆಸರು ಹೇಳುತ್ತಿದ್ದಂತೆಯೇ ‘ಆ ಮನೆ ನಿನ್ನೆಯೇ ಹೋಯಿತು’ ಎಂಬ ಉತ್ತರ ಪಡೆಯುವ ಕುಟುಂಬವೂ ಈ ನಗರದಲ್ಲಿ ಹೊಸಬರಲ್ಲ. ಮಾಲೀಕನ ಪರವಾಗಿ ನಡೆಯುವ ಈ ಜರಡಿ ಹಿಡಿಯುವ ಕೆಲಸಕ್ಕೆ ದುಡ್ಡು ಕೊಡಬೇಕಾದವನೂ ಬಾಡಿಗೆದಾರನೇ. ಅವಮಾನಕ್ಕೂ ಕಮಿಷನ್ ತೆರಬೇಕಾದ ವ್ಯವಸ್ಥೆ ಇದು, ಇದರಲ್ಲಿ ತಮಾಷೆಯೇನೂ ಇಲ್ಲ.

ಪ್ರಶ್ನೆಗಳು ಬಾಡಿಗೆದಾರನ ದಿಕ್ಕಿಗೆ ಮಾತ್ರ ಹರಿಯುತ್ತವೆ. ಬೋರ್‌ವೆಲ್ ಬತ್ತಿದೆಯೇ, ಟ್ಯಾಂಕರ್ ನೀರಿನ ಹಣ ಯಾರ ತಲೆಗೆ, ಹಿಂದಿನವರಿಗೆ ಹತ್ತು ತಿಂಗಳ ಅಡ್ವಾನ್ಸಿನಲ್ಲಿ ಪೇಂಟಿಂಗ್ ಹೆಸರಿನಲ್ಲಿ ಎಷ್ಟು ಮುರಿದುಕೊಂಡರು ಎಂಬುದನ್ನು ಮಾಲೀಕನ ಬಾಯಿಂದ ಹೊರಡಿಸಿ ನಿಮಗೆ ತಿಳಿಸುವ ಬ್ರೋಕರ್ ಸಿಕ್ಕರೆ ಅದು ನಿಮ್ಮ ಪೂರ್ವಜನ್ಮದ ಪುಣ್ಯ. ಹಾಲುಕ್ಕಿಸಿದ ಮಾರನೆಯ ಬೆಳಿಗ್ಗೆ ನಲ್ಲಿಯಿಂದ ಗಾಳಿ ಬಂದಾಗ ಫೋನ್ ಮಾಡಿ ನೋಡಿ. ‘ಅದು ನೀವು ಓನರ್ ಮಾತಾಡಿಕೊಳ್ಳಿ ಸಾರ್, ನಾನು ಮಧ್ಯೆ ಬರಲ್ಲ.’