ಹಾರ್ಮೋನಿಯಂ ಕೊಟ್ಟರೆ ಸಾಲದು, ತಿದಿಗೆ ತೇಪೆ ಹಾಕಿಸುವವರೂ ಬೇಕು

ಇಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳ ಬ್ಯಾಂಡು, ಆರ್ಕೆಸ್ಟ್ರಾ ನೋಡಿದ ನಮ್ಮ ಕನ್ನಡದವರು ‘ಇಲ್ಲಿ ಸರ್ಕಾರಕ್ಕೆ ದುಡ್ಡಿದೆ ಬಿಡಿ’ ಅನ್ನುತ್ತಾರೆ. ಅದು ಅರ್ಧ ನಿಜ. 1978ರಲ್ಲಿ ಮತದಾರರೇ ಮತ ಹಾಕಿ ಜಾರಿಗೆ ತಂದ ಪ್ರೊಪೊಸಿಷನ್ 13 ಎಂಬ ಕಾನೂನು, ಶಾಲೆಗಳಿಗೆ ದುಡ್ಡು ತರುತ್ತಿದ್ದ ಆಸ್ತಿ ತೆರಿಗೆಗೆ ಕಡಿವಾಣ ಹಾಕಿದ ಮೇಲೆ ಕತ್ತರಿ ಬಿದ್ದ ಪಾಠಗಳಲ್ಲಿ ಸಂಗೀತವೂ ಇತ್ತು. ಆ ಕೊರತೆಯನ್ನು ಎಷ್ಟೋ ಕಡೆ ತುಂಬಿಸಿದ್ದು ಶಾಲೆಗಾಗಿ ದುಡ್ಡು ಕೂಡಿಸುವ ತಂದೆತಾಯಂದಿರ ಬೂಸ್ಟರ್ ಕ್ಲಬ್ಬುಗಳು. 2022ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 28ರಿಂದ ಈಗ ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಕಲಾ ಶಿಕ್ಷಣಕ್ಕೆ ಬರುತ್ತಿದೆ. ಆದರೆ 500 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಾಲಾ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಶಾಲೆಗಳ ಆಡಳಿತ) ಅದರಲ್ಲಿ ಶೇ 80ರಷ್ಟನ್ನು ಸಿಬ್ಬಂದಿಯ ಮೇಲೇ ಖರ್ಚು ಮಾಡಬೇಕು. ಮೇಷ್ಟ್ರು ಸಿಕ್ಕರು, ಟ್ಯೂಬಾ ಎಂಬ ಭಾರಿ ಹಿತ್ತಾಳೆ ಕೊಂಬಿನ ರಿಪೇರಿ ಯಾರ ತಲೆಗೆ? ಕ್ಲಬ್ಬಿನ ಕೆಲಸ ಅಲ್ಲಿ ಶುರು.

ವಾದ್ಯಗಳಲ್ಲಿ ಎರಡು ಜಾತಿ. ವಯೊಲಿನ್, ಕೊಳಲು, ಕ್ಲಾರಿನೆಟ್, ಟ್ರಂಪೆಟ್ ಇಂಥವನ್ನು ಮನೆಯವರು ಬಾಡಿಗೆಗೆ ತರಬಹುದು. ವಯೊಲಿನ್‌ಗಂತೂ ಬಾಡಿಗೆಯೇ ವಾಸಿ: ಮಗು ಬೆಳೆದ ಹಾಗೆ ಅರ್ಧ, ಮುಕ್ಕಾಲು, ಪೂರ್ತಿ ಅಂತ ಅಳತೆ ಬದಲಾಗುತ್ತದೆ, ಅಂಗಡಿಯವರು ಬದಲಿಸಿ ಕೊಡುತ್ತಾರೆ. ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನಿನಲ್ಲಿ ತರಿಸಿದ್ದರ ಬಿರಡೆ ನಿಲ್ಲುವುದಿಲ್ಲ, ತಂತಿಗಳನ್ನು ಎತ್ತಿ ಹಿಡಿಯುವ ‘ಸೇತುವೆ’ಯನ್ನು ಸರಿಯಾಗಿ ಕೆತ್ತಿರುವುದಿಲ್ಲ. ಮಗು ತನಗೇ ಶ್ರುತಿಜ್ಞಾನವಿಲ್ಲ ಅಂದುಕೊಂಡು ಬಿಟ್ಟುಬಿಡುತ್ತದೆ. ಟ್ಯೂಬಾ, ಬಸೂನ್ (ಮರದ ಉದ್ದನೆಯ ಊದುವಾದ್ಯ), ಡಬಲ್ ಬಾಸ್ (ಆಳೆತ್ತರದ ತಂತಿವಾದ್ಯ) ಇನ್ನೊಂದು ಜಾತಿ. ಒಂದು ಹೊಸ ಬಸೂನಿಗೇ ಸಾವಿರಾರು ಡಾಲರ್. ಇವನ್ನು ಶಾಲೆಯೇ ಇಟ್ಟುಕೊಳ್ಳದಿದ್ದರೆ ಉಳ್ಳವರ ಮಕ್ಕಳೂ ಮುಟ್ಟುವುದಿಲ್ಲ, ಬ್ಯಾಂಡಿಗೆ ಅಡಿಪಾಯವೇ ಇರುವುದಿಲ್ಲ. ಕ್ಲಬ್ಬಿನ ಮೊದಲ ದುಡ್ಡು ಇಲ್ಲಿಗೆ ಹೋಗಬೇಕು, ಟೀ-ಶರ್ಟಿಗಲ್ಲ.

ಬೇಸಿಗೆ ರಜೆಯಲ್ಲಿ ಪಟ್ಟಿ ಮಾಡುವುದು ಬೇಸರದ ಕೆಲಸ, ಆದರೆ ಅದಿಲ್ಲದೆ ಏನೂ ನಡೆಯದು. ವಾದ್ಯದ ಸೀರಿಯಲ್ ನಂಬರು, ಪೆಟ್ಟಿಗೆಯ ಸ್ಥಿತಿ, ಯಾವ ಮಗುವಿನ ಹತ್ತಿರ ಇದೆ, ಕೊನೆಯ ರಿಪೇರಿ ಯಾವಾಗ, ಎಲ್ಲ ಬರೆದಿಡಬೇಕು. ಕೆಡುವ ಬಗೆಯೂ ಗೊತ್ತಿರುವಂಥದ್ದೇ. ನುಡಿಸಿದ ಮೇಲೆ ಒಳಗಿನ ತೇವ ಒರೆಸದ ಕ್ಲಾರಿನೆಟ್ಟಿನ ತೂತು ಮುಚ್ಚುವ ಪ್ಯಾಡುಗಳು ಊದಿಕೊಂಡು ಗಾಳಿ ಸೋರುತ್ತದೆ. ಎಣ್ಣೆ ಕಾಣದ ಟ್ರಂಪೆಟ್ಟಿನ ವಾಲ್ವ್ ಕಚ್ಚಿಕೊಳ್ಳುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಉಳಿದ ವಯೊಲಿನ್ನಿನ ಅಂಟು ಬಿಡುತ್ತದೆ. ಟ್ರಂಪೆಟ್ಟಿನಲ್ಲಿ ಸಿಕ್ಕಿಕೊಂಡ ಮೌತ್‌ಪೀಸನ್ನು ಅಪ್ಪಂದಿರು ಇಕ್ಕಳ ಹಿಡಿದು ತಿರುಗಿಸಿ ಕೊಳವೆಯನ್ನೇ ತಿರುಚಿಬಿಡುತ್ತಾರೆ. ಅದನ್ನು ಬಿಡಿಸಲೆಂದೇ ಒಂದು ಸಣ್ಣ ಉಪಕರಣವಿದೆ. ಬ್ಯಾಂಡ್ ರೂಮಿನಲ್ಲಿ ಅದೊಂದು ಇದ್ದರೆ ರಿಪೇರಿ ಬಿಲ್ಲು ಎಷ್ಟೋ ತಗ್ಗುತ್ತದೆ.

ದುಡ್ಡು ಕೇಳುವ ರೀತಿಯಲ್ಲಿ ನಾವು ಕಲಿಯಬೇಕಾದದ್ದು ಬಹಳ ಇದೆ. ಸಂಗೀತ, ನಾಟಕ, ಆಟಗಳಿಗೆ ತಲಾ 25 ಡಾಲರ್ ಶುಲ್ಕ ಹಾಕಿದ್ದ ಸಾಂಟಾ ಬಾರ್ಬರಾದ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1984ರಲ್ಲೇ ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ಹಾಗಾಗಿ ಪತ್ರದಲ್ಲಿ ‘ನಿಮ್ಮ ಪಾಲು ಇಷ್ಟು’ ಎಂದು ಬರೆಯುವಂತಿಲ್ಲ. ಕೊಡದಿದ್ದರೂ ಮಗು ಬ್ಯಾಂಡಿನಲ್ಲಿ ಇರುತ್ತದೆ ಎಂದು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಮದುವೆಮನೆಯ ಮುಯ್ಯಿ ಪುಸ್ತಕ ನೋಡಿ ಬೆಳೆದ ನಮಗೆ, ಯಾರು ಕೊಟ್ಟರು ಯಾರು ಬಿಟ್ಟರು ಎಂದು ಪಟ್ಟಿ ಹಾಕುವುದು ಸಹಜ. ಇಲ್ಲಿ ಅದು ತಪ್ಪು. ಚಾಕೊಲೇಟು ಮಾರಿ ತಂದ ಹಣವನ್ನು ಮಾರಿದವರ ಮಗುವಿನ ಲೆಕ್ಕಕ್ಕೇ ಜಮಾ ಮಾಡುವುದೂ ತಪ್ಪೇ: 2013ರಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ ಇಂಥದ್ದೇ ಪದ್ಧತಿಯಿದ್ದ ಜಿಮ್ನಾಸ್ಟಿಕ್ಸ್ ಕ್ಲಬ್ಬೊಂದು ತೆರಿಗೆ ವಿನಾಯಿತಿ ಕಳೆದುಕೊಂಡದ್ದನ್ನು ಎತ್ತಿಹಿಡಿಯಿತು. ಲಾಟರಿಯಲ್ಲಿ ಅರ್ಧ ಗೆದ್ದವರಿಗೆ, ಅರ್ಧ ಬ್ಯಾಂಡಿಗೆ ಎಂಬ ಆಟವೂ ಕ್ಯಾಲಿಫೋರ್ನಿಯಾದ ಶಾಲಾ ಕ್ಲಬ್ಬುಗಳಿಗೆ ಸಲ್ಲದು. ಲಾಟರಿ ಟಿಕೆಟಿನಿಂದ ಬಂದದ್ದರಲ್ಲಿ ಕನಿಷ್ಠ ಶೇ 90 ಸತ್ಕಾರ್ಯಕ್ಕೇ ಹೋಗಬೇಕು.

ಕ್ಲಬ್ಬು ಮುಳುಗುವುದು ಹೆಚ್ಚಾಗಿ ಮೋಸದಿಂದಲ್ಲ, ಮರೆವಿನಿಂದ. ವರ್ಷದ ವರಮಾನ ಸಾಮಾನ್ಯವಾಗಿ 50,000 ಡಾಲರಿನೊಳಗಿದ್ದರೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ತುಂಬಬೇಕಾದದ್ದು 990-ಎನ್ ಎಂಬ ಪುಟ್ಟ ಆನ್‌ಲೈನ್ ಫಾರಂ ಮಾತ್ರ. ಸತತ ಮೂರು ವರ್ಷ ಬಿಟ್ಟರೆ ವಿನಾಯಿತಿ ತಾನಾಗಿ ರದ್ದು. ಖಜಾಂಚಿಯ ಮಗಳು ಹೈಸ್ಕೂಲು ಮುಗಿಸಿದಳೆಂದರೆ ಪಾಸ್‌ವರ್ಡ್ ಕೂಡ ಅವರ ಜತೆ ಮನೆಗೆ ಹೋಗುತ್ತದೆ. ಅದಕ್ಕೇ ಮುಂದಿನ ಖಜಾಂಚಿ ಒಂದು ವರ್ಷ ಮುಂಚೆಯೇ ಪಕ್ಕದಲ್ಲಿ ಕೂರಬೇಕು. ಚೆಕ್ಕಿಗೆ ಎರಡು ಸಹಿ ಬೇಕು. ಬ್ಯಾಂಕಿನ ಲೆಕ್ಕವನ್ನು ಸಹಿ ಹಾಕದ ಮೂರನೆಯವರು ತಿಂಗಳಿಗೊಮ್ಮೆ ನೋಡಬೇಕು.

ಇಲ್ಲಿನದ್ದೆಲ್ಲ ಚೆನ್ನ ಅನ್ನುವ ಭ್ರಮೆ ಬೇಡ. ಸಾಫ್ಟ್‌ವೇರ್ ಕಂಪನಿಗಳು ನೌಕರರ ದೇಣಿಗೆಗೆ ಸರಿಸಮ ಸೇರಿಸುವ ಊರಿನ ಬ್ಯಾಂಡು ಮೆರೆಯುತ್ತದೆ. ಹೊಲದ ಕೂಲಿಯವರ ಊರಿನದು ಸೊರಗುತ್ತದೆ. ಪ್ರೊಪೊಸಿಷನ್ 28ರ ಹಣದಲ್ಲಿ ಶೇ 30ನ್ನು ಬಡ ಮಕ್ಕಳ ಸಂಖ್ಯೆ ನೋಡಿ ಹಂಚುವುದು ಇದೇ ಕಾರಣಕ್ಕೆ.

ಇನ್ನು ನಮ್ಮೂರ ಕಡೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ ಅರೆಕಾಲಿಕ ಬೋಧಕರು ಇರಬೇಕು. 60 ಮಕ್ಕಳ ಹಳ್ಳಿಶಾಲೆಗೆ ಅದೂ ಇಲ್ಲ. ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಮನೆಪಾಠದಲ್ಲಿ ಕಲಿತ ಒಂದು ಮಗುವನ್ನು ಆರಿಸಿ ಹಾಡಿಸುತ್ತಾರೆ, ಮಿಕ್ಕವರು ಚಪ್ಪಾಳೆಗೆ. ಕ್ಯಾಲಿಫೋರ್ನಿಯಾದ ಬ್ಯಾಂಡಿನ ಗುಣ ಇದಕ್ಕೆ ತದ್ವಿರುದ್ಧ: ಅಪಸ್ವರ ಊದುವವನಿಗೂ ಒಂದು ಕುರ್ಚಿ. ಅದನ್ನು ತರಬೇಕೆಂದರೆ ಟ್ರಂಪೆಟ್ ಸಾಗಿಸಬೇಕಿಲ್ಲ. ಡೊಳ್ಳು, ಕೋಲಾಟ, ತತ್ವಪದ, ಭಜನೆ ಎಲ್ಲವೂ ಗುಂಪಿನ ಸಂಗೀತವೇ, ಕಲಿಸುವವರು ಊರಲ್ಲೇ ಇದ್ದಾರೆ.

ಹೊರದೇಶದಲ್ಲಿರುವ ನಮ್ಮವರು ಮಾಡುವುದೇನು? ಹಾರ್ಮೋನಿಯಂ ಒಂದನ್ನು ಕೊಟ್ಟು, ಫ್ಯಾನಿನ ರೆಕ್ಕೆಯ ಮೇಲೆ ಬರೆಸಿದ ಹಾಗೆ ಅದರ ಮೇಲೂ ಹೆಸರು ಬರೆಸಿ, ಫೋಟೊ ತೆಗೆಸಿಕೊಂಡು ವಿಮಾನ ಹತ್ತುತ್ತಾರೆ. ಮಲೆನಾಡಿನ ಒಂದೇ ಮಳೆಗಾಲಕ್ಕೆ ರೀಡಿಗೆ ತುಕ್ಕು, ತಿದಿಗೆ ಇಲಿ. ವಾರಕ್ಕೆ ಎರಡು ತರಗತಿಯಂತೆ ಹತ್ತು ತಿಂಗಳಿಗೆ ಸುಮಾರು 80 ತರಗತಿ. ಒಂದಕ್ಕೆ 500 ರೂಪಾಯಿ ಎಂದಿಟ್ಟುಕೊಂಡರೂ ಆಗುವುದು 40,000. ವಾದ್ಯಕ್ಕಿಂತ ಮೊದಲು ಈ ಗೌರವಧನಕ್ಕೆ ಮೂರು ವರ್ಷದ ಏರ್ಪಾಡಾಗಲಿ, ರಿಪೇರಿಗೆಂದು ಬೇರೆ ಗಂಟಿರಲಿ.

ಹಣ ಕಳಿಸುವಾಗ ಪಾಸ್‌ಪೋರ್ಟ್ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡವರು ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ಕಣ್ಣಿಗೆ ವಿದೇಶಿಯರೇ. ಅವರು ಕೊಡುವ ಹಣ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಯ ಮೂಲಕ ಹೋಗುವುದು ಕ್ಷೇಮ.

ಶಾಲೆಯ ಕಡೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವಾಗಲಿ, ವಾದ್ಯಗಳು ದಾಸ್ತಾನು ಪುಸ್ತಕಕ್ಕೆ ಏರಲಿ. ಬೀರುವಿನ ಕೀಲಿ ಎರಡಿರಲಿ. ಒಂದೇ ಇದ್ದು ಅದು ಹೆಡ್‌ಮಾಸ್ಟರ ಜೇಬಿನಲ್ಲಿದ್ದರೆ, ಅವರು ತಾಲ್ಲೂಕಿಗೆ ಮೀಟಿಂಗಿಗೆ ಹೋದ ದಿನ ಡೊಳ್ಳು ಒಳಗೇ, ಮಕ್ಕಳು ಹೊರಗೇ.