ತಾಜಾ ಮಾವಿನಕಾಯಿ ಬೇಕು, ಎರಡು ವರ್ಷ ಉಪ್ಪಿನಲ್ಲಿ ನೆನೆದಿರಬೇಕು

ಹುಚ್ಚು ಬಿಡೋವರೆಗೂ ಮದುವೆಯಾಗಲ್ಲ, ಮದುವೆಯಾಗೋವರೆಗೂ ಹುಚ್ಚು ಬಿಡಲ್ಲ. ಈ ಗಾದೆ ಹುಟ್ಟಿದ ಕಾಲಕ್ಕೆ ಕಂಪನಿಗೆ ಜನರನ್ನು ಆರಿಸುವ ಎಚ್‌ಆರ್ ವಿಭಾಗ ಇರಲಿಲ್ಲ. ಇದ್ದಿದ್ದರೆ ಗಾದೆಯ ಹಕ್ಕುಸ್ವಾಮ್ಯ ಅವರದೇ ಆಗಿರುತ್ತಿತ್ತು.

ಬೆಂಗಳೂರಿನ ಯಾವ ನೌಕರಿ ಆ್ಯಪ್ ತೆರೆದರೂ ಒಂದೇ ಅಚ್ಚಿನ ಜಾಹೀರಾತು ಕಾಣುತ್ತದೆ: ‘ಎಂಟ್ರಿ ಲೆವೆಲ್ ಹುದ್ದೆ. ಫ್ರೆಷರ್‌ಗಳಿಗೆ ಸ್ವಾಗತ. ಕನಿಷ್ಠ 2 ವರ್ಷ ಅನುಭವ ಕಡ್ಡಾಯ. ಮೋಜಿನ ವಾತಾವರಣ. ತಕ್ಷಣ ಸೇರುವವರಿಗೆ ಆದ್ಯತೆ.’ ಮಾವಿನಕಾಯಿ ಇವತ್ತು ಬೆಳಗ್ಗೆ ಕೊಯ್ದದ್ದಾಗಿರಬೇಕು, ಎರಡು ವರ್ಷ ಜಾಡಿಯಲ್ಲಿ ನೆನೆದೂ ಇರಬೇಕು. ಕೊನೆಯ ಸಾಲು ಇನ್ನೂ ಚೆಂದ. ಎರಡು ವರ್ಷ ದುಡಿದವರು ಈಗಲೂ ಎಲ್ಲೋ ದುಡಿಯುತ್ತಿರುತ್ತಾರೆ, ಅಲ್ಲಿಂದ ಬಿಡಿಸಿಕೊಳ್ಳಲು 60 ಇಲ್ಲವೇ 90 ದಿನದ ನೋಟಿಸ್ ಕೊಡಬೇಕು. ತಕ್ಷಣ ಬರುವವರು ಕೆಲಸವಿಲ್ಲದವರು ಮಾತ್ರ. ಕೆಲಸವಿಲ್ಲದವರು ಇಂಟರ್‌ವ್ಯೂಗೆ ಹೋದರೆ ಕೇಳುವ ಮೊದಲ ಪ್ರಶ್ನೆ: ‘ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?’

ಇದರ ಹಿಂದೆ ದೊಡ್ಡ ಪಿತೂರಿಯೇನೂ ಇಲ್ಲ, ಇರುವುದು ಕಾಪಿ-ಪೇಸ್ಟ್. ಹುದ್ದೆಯಲ್ಲಿದ್ದವರು ಎರಡು ವರ್ಷ ದುಡಿದು, ಸಂಬಳ ಏರದೆ ಬಿಟ್ಟು ಹೋಗುತ್ತಾರೆ. ಹೋಗುವ ದಿನ ಅವರು ಏನೇನು ಮಾಡುತ್ತಿದ್ದರೋ ಅದನ್ನೆಲ್ಲ ಮ್ಯಾನೇಜರ್ ಪಟ್ಟಿ ಮಾಡಿ ಎಚ್‌ಆರ್‌ಗೆ ಕಳಿಸುತ್ತಾರೆ. ಹಣಕಾಸಿನವರು ಮಂಜೂರು ಮಾಡುವುದು ಮಾತ್ರ ಫ್ರೆಷರ್ ಸಂಬಳವನ್ನು. ಎಚ್‌ಆರ್‌ನವರು ಪಟ್ಟಿಯನ್ನೂ ಸಂಬಳವನ್ನೂ ಒಂದೇ ಪುಟಕ್ಕೆ ಅಂಟಿಸುತ್ತಾರೆ. ನಡುವೆ ಯಾರೂ ಅದನ್ನು ಓದುವುದಿಲ್ಲ. ಓದುವ ಕೆಲಸ ಎಂಟ್ರಿ ಲೆವೆಲ್‌ನವರದು, ಆ ಹುದ್ದೆಯೇ ಖಾಲಿಯಿದೆ.

ಅನುಭವ ಎಲ್ಲಿಂದ ತರಬೇಕು ಎಂದು ಸರ್ಕಾರವನ್ನು ಕೇಳಿದರೆ ಅಲ್ಲಿನ ನಿಯಮ ತಲೆಕೆಳಗು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ನಿರುದ್ಯೋಗ ಭತ್ಯೆಯ ಯುವನಿಧಿ ಯೋಜನೆ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಷರತ್ತು ಇಷ್ಟೇ: ಪಾಸಾದ ಮೇಲೆ 180 ದಿನ ಕೆಲಸ ಸಿಕ್ಕಿರಬಾರದು. ಅಪ್ರೆಂಟಿಸ್ ಭತ್ಯೆ ಬರುತ್ತಿದ್ದರೂ ಅನರ್ಹ, ಮುಂದೆ ಓದುತ್ತಿದ್ದರೂ ಅನರ್ಹ. ನಾನಿನ್ನೂ ನಿರುದ್ಯೋಗಿಯೇ ಎಂದು ಸೇವಾಸಿಂಧು ಪೋರ್ಟಲ್‌ನಲ್ಲಿ ಆಗಾಗ ಸ್ವಯಂ ಘೋಷಣೆ ಹಾಕುತ್ತಿರಬೇಕು, ಮರೆತರೆ ಹಣ ನಿಲ್ಲುತ್ತದೆ. ಗರಿಷ್ಠ ಅವಧಿ ಎಷ್ಟು ಗೊತ್ತೇ? ಎರಡು ವರ್ಷ. ಜಾಹೀರಾತು ಕೇಳುವುದೂ ಎರಡೇ ವರ್ಷ. ಒಂದೆಡೆ ಎರಡು ವರ್ಷ ಏನೂ ಮಾಡಿಲ್ಲವೆಂದು ಸಾಬೀತು ಮಾಡಬೇಕು, ಇನ್ನೊಂದೆಡೆ ಅದೇ ಎರಡು ವರ್ಷ ಎಲ್ಲವನ್ನೂ ಮಾಡಿದ್ದೇನೆಂದು ಸಾಬೀತು ಮಾಡಬೇಕು. ಎರಡೂ ದಾಖಲೆ ಒಬ್ಬರ ಕೈಯಲ್ಲೇ ಇದ್ದರೆ ಅವರನ್ನು ನೇರವಾಗಿ ಸೀನಿಯರ್ ಮ್ಯಾನೇಜರ್ ಮಾಡಬಹುದು.

ಕೇಂದ್ರದ ಬಾಗಿಲೂ ಇದೆ. 2024ರ ಬಜೆಟ್‌ನಲ್ಲಿ ಘೋಷಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಶುರುವಾದಾಗ ಗೊತ್ತು ಮಾಡಿದ್ದು 12 ತಿಂಗಳು, ತಿಂಗಳಿಗೆ 5,000 ರೂಪಾಯಿ. ಅದರಲ್ಲಿ 4,500 ಸರ್ಕಾರದ್ದು, ಉಳಿದ 500 ಕಂಪನಿಯದು. ದೇಶದ ಅಗ್ರ 500 ಕಂಪನಿಗಳು ಒಬ್ಬ ಇಂಟರ್ನ್‌ಗೆ ಬಿಚ್ಚುವ ಕೈ ಇಷ್ಟು. ಐಐಟಿ, ಐಐಎಂಗಳಲ್ಲಿ ಓದಿದವರಿಗೆ ಪ್ರವೇಶವಿಲ್ಲ, ಅವರಿಗೆ ಅನುಭವ ಹುಟ್ಟುವಾಗಲೇ ಬಂದಿರುತ್ತದೆ ಎಂಬ ಲೆಕ್ಕವಿರಬೇಕು. ವರ್ಷ ಮುಗಿಸಿ ಸರ್ಟಿಫಿಕೇಟ್ ಹಿಡಿದು ಹೋದವರಿಗೆ ಎಚ್‌ಆರ್ ಹೇಳುವ ಮಾತು ಮೊದಲೇ ಬರೆದಿಟ್ಟದ್ದು: ‘ಇಂಟರ್ನ್‌ಶಿಪ್ ಅನುಭವಕ್ಕೆ ಸೇರಲ್ಲ.’

ಈಗ ಮೋಜಿಗೆ ಬರೋಣ. ಮೊದಲ ಕೆಲಸ ಖುಷಿಯಾಗಿರಬೇಕು ಎಂದು ಬಯಸುವುದು ತಪ್ಪಲ್ಲ. ಆದರೆ ಖುಷಿಯನ್ನು ಕಂಪನಿ ಸರಬರಾಜು ಮಾಡುವಾಗ ಅದಕ್ಕೆ ನಾಲ್ಕೇ ರೂಪ: ಬೀನ್ ಬ್ಯಾಗ್, ಕೇರಂ ಬೋರ್ಡು, ತಿಂಗಳ ಕೊನೆಯ ಶುಕ್ರವಾರದ ಪಿಜ್ಜಾ, ಮತ್ತು ‘ನಾವೆಲ್ಲ ಒಂದೇ ಫ್ಯಾಮಿಲಿ’ ಎಂಬ ಮಾತು. ಬೀನ್ ಬ್ಯಾಗಿನಲ್ಲಿ ಕೂತವರನ್ನು ಮ್ಯಾನೇಜರ್ ನೋಡುತ್ತಾರೆ, ಹಾಗಾಗಿ ಅದರಲ್ಲಿ ಕೂರುವುದು ಕ್ಯಾಂಪಸ್ಸಿನಿಂದ ಆಫೀಸು ನೋಡಲು ಬಂದ ವಿದ್ಯಾರ್ಥಿಗಳು ಮಾತ್ರ. ಕೇರಂ ಬೋರ್ಡಿನ ಸ್ಟ್ರೈಕರ್ ಮೊದಲ ವಾರವೇ ಕಳೆದಿರುತ್ತದೆ. ಫ್ಯಾಮಿಲಿಯ ಮಾತು ಸುಳ್ಳಲ್ಲ: ಕೂಡು ಕುಟುಂಬದಲ್ಲಿ ಕಿರಿ ಸೊಸೆಗೆ ಎಷ್ಟು ಹಕ್ಕೋ ಇಲ್ಲಿ ಫ್ರೆಷರ್‌ಗೂ ಅಷ್ಟೇ. ಊಟಕ್ಕಿಲ್ಲದ ಉಪ್ಪಿನಕಾಯಿಯನ್ನು ಬೆಳ್ಳಿ ಬಟ್ಟಲಲ್ಲಿ ಇಟ್ಟುಕೊಟ್ಟಂತೆ.

ಊಟ ಎಂದದ್ದು ಸಂಬಳವನ್ನು. ವರ್ಷಕ್ಕೆ 3.6 ಲಕ್ಷದ ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು, ತೆಗೆದುಕೊಳ್ಳಿ. ಐಟಿ ಸೇವಾ ಕಂಪನಿಗಳ ಫ್ರೆಷರ್ ಸಂಬಳ ಹದಿನೈದು ವರ್ಷದ ಹಿಂದೆಯೂ ಮೂರೂಕಾಲು ಲಕ್ಷದ ಆಸುಪಾಸಿನಲ್ಲಿತ್ತು, ಈಗಲೂ ಅದೇ ಕೇರಿಯಲ್ಲಿ ಸುತ್ತುತ್ತಿದೆ. 3.6 ಲಕ್ಷ ಎಂದರೆ ತಿಂಗಳಿಗೆ 30,000 ಎಂದು ಅಮ್ಮ ಊರಲ್ಲೆಲ್ಲ ಹೇಳಿ ಆಗಿರುತ್ತದೆ. ಅದರಲ್ಲಿ ಶೇ 10 ವೇರಿಯಬಲ್, ಅಂದರೆ 3,000 ರೂಪಾಯಿ ಕಂಪನಿಯ ಮರ್ಜಿ. ಬೇಸಿಕ್ 15,000 ಎಂದಿಟ್ಟರೆ ಅದರ ಶೇ 12, ಅಂದರೆ 1,800 ರೂಪಾಯಿ ಕಂಪನಿ ಕಟ್ಟುವ ಪಿಎಫ್. ಕಂಪನಿ ಕಟ್ಟುವುದನ್ನು ನಿಮ್ಮ ಸಂಬಳದಲ್ಲೇ ತೋರಿಸಿರುತ್ತಾರೆ, ಮಾವನ ಮನೆಯವರು ಕೊಟ್ಟ ಬೆಳ್ಳಿ ಲೋಟವನ್ನೂ ವರದಕ್ಷಿಣೆಯ ಪಟ್ಟಿಗೆ ಸೇರಿಸಿದ ಹಾಗೆ. ಗ್ರಾಚ್ಯುಟಿ ಬೇಸಿಕ್‌ನ ಶೇ 4.81, ಅಂದರೆ 721 ರೂಪಾಯಿ. ಕಾಯಂ ನೌಕರರಿಗೆ ಅದು ಕೈಗೆ ಬರುವುದು 5 ವರ್ಷ ತುಂಬಿದ ಮೇಲೆ. ಎರಡು ವರ್ಷಕ್ಕೆ ಬಿಡುವವರ ಪಾಲಿಗೆ ಅದು ದೇವರ ಹುಂಡಿ. ಗುಂಪು ವಿಮೆಗೆ 500 ರೂಪಾಯಿ ಎಂದುಕೊಳ್ಳಿ. ಇಷ್ಟು ಕಳೆದರೆ 23,979. ಇನ್ನು ನಿಮ್ಮ ಪಾಲಿನ ಪಿಎಫ್ 1,800 ಕಡಿತವಾಗಿ ಬ್ಯಾಂಕಿಗೆ ಬೀಳುವುದು 22,179 ರೂಪಾಯಿ.

ಈ 23,979ರ ವಿಶೇಷ ನೋಡಿ. ಕಡಿಮೆ ಸಂಬಳದ ನೌಕರರಿಗೆ ಚಿಕಿತ್ಸೆ ಕೊಡಿಸುವ ಇಎಸ್‌ಐ ಸೌಲಭ್ಯಕ್ಕೆ ಸಂಬಳದ ಮಿತಿ 21,000, ಹಾಗಾಗಿ ಆ ಆಸ್ಪತ್ರೆಗೆ ನೀವು ಶ್ರೀಮಂತರು. ಕರ್ನಾಟಕದಲ್ಲಿ ವೃತ್ತಿ ತೆರಿಗೆ ಶುರುವಾಗುವುದು 25,000ಕ್ಕೆ, ಹಾಗಾಗಿ ಅದಕ್ಕೆ ನೀವು ಬಡವರು. ವೇರಿಯಬಲ್ ಅಪ್ಪಿತಪ್ಪಿ ಬಂದ ತಿಂಗಳು ಮಾತ್ರ ಗಡಿ ದಾಟಿ 200 ರೂಪಾಯಿ ವೃತ್ತಿ ತೆರಿಗೆ ಕತ್ತರಿಸಿಕೊಳ್ಳುತ್ತದೆ. ಸಂತೋಷಕ್ಕೂ ರಾಜ್ಯ ಸರ್ಕಾರದ ಒಂದು ರಶೀದಿ ಬೇಡವೇ!

22,179ರಲ್ಲಿ ಊಟ ಸೇರಿ ಮೂರು ಜನರ ಶೇರಿಂಗ್ ಪಿಜಿಗೆ 9,000 ಎಂದಿಟ್ಟುಕೊಳ್ಳಿ. ಬಿಡುವಾಗ ಅಡ್ವಾನ್ಸ್‌ನಲ್ಲಿ ಮೇಂಟೆನೆನ್ಸ್ ಮುರಿದುಕೊಳ್ಳುತ್ತಾರೆ, ಅದು ಬೇರೆ. ನಮ್ಮ ಮೆಟ್ರೊದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿತು. ಊರಿನ ಒಂದು ತುದಿಯಲ್ಲಿ ಪಿಜಿ, ಇನ್ನೊಂದು ತುದಿಯಲ್ಲಿ ಆಫೀಸು ಇದ್ದರೆ ದಿನಕ್ಕೆ 180ರಂತೆ 22 ದಿನಕ್ಕೆ 3,960. ಹೆಣ್ಣುಮಕ್ಕಳು ಶಕ್ತಿ ಯೋಜನೆಯ ಬಸ್ಸು ಹಿಡಿದರೆ ಈ ಹಣ ಉಳಿಯುತ್ತದೆ, ಸಿಲ್ಕ್ ಬೋರ್ಡಿನಲ್ಲಿ ಸಮಯ ಹೋಗುತ್ತದೆ. ಕೈಯಲ್ಲಿ ಮಿಕ್ಕಿದ್ದು 9,219 ರೂಪಾಯಿ. ಫೋನ್ ರೀಚಾರ್ಜ್, ಸೋಪು, ಊರಿಗೆ ಹೋಗುವ ಬಸ್ಸು, ಎಜುಕೇಷನ್ ಲೋನಿನ ಕಂತು, ಎಲ್ಲ ಇದರಲ್ಲೇ. ಮೋಜು ಉಳಿದರೆ ಅದರ ಮೇಲೆ ಜಿಎಸ್‌ಟಿ ಇದೆ.

2023ರಲ್ಲಿ ನಾರಾಯಣ ಮೂರ್ತಿಯವರು ದೇಶ ಕಟ್ಟಲು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಆ ಮಾತಿನ ಪ್ರಕಾರ ತಿಂಗಳಿಗೆ 303 ಗಂಟೆ. ಬ್ಯಾಂಕಿಗೆ ಬೀಳುವ 22,179ನ್ನು ಭಾಗಿಸಿ ನೋಡಿದರೆ ಗಂಟೆಗೆ ಸುಮಾರು 73 ರೂಪಾಯಿ. ವಾರಕ್ಕೆ 48 ಗಂಟೆಯಷ್ಟೇ ದುಡಿದರೆ ಗಂಟೆಗೆ 106ಕ್ಕೂ ಚೂರು ಹೆಚ್ಚು. ರಾಷ್ಟ್ರ ಕಟ್ಟುವ ಕೂಲಿ ಮಾಮೂಲಿ ಕೂಲಿಗಿಂತ ಗಂಟೆಗೆ ಸುಮಾರು 33 ರೂಪಾಯಿ ಕಡಿಮೆ.

ಆಫರ್ ಲೆಟರ್ ಕೈಗೆ ಬಂತೆಂದರೆ ಕೆಲಸ ಬಂತು ಎಂದಲ್ಲ. 2022ರ ಬ್ಯಾಚಿನ ಎಷ್ಟೋ ಎಂಜಿನಿಯರ್‌ಗಳಿಗೆ ಆಫರ್ ಕೊಟ್ಟ ದೊಡ್ಡ ಕಂಪನಿಗಳು ಸೇರಿಸಿಕೊಳ್ಳಲು ಎರಡು ವರ್ಷದವರೆಗೂ ಕಾಯಿಸಿದವು. ಕಾಯುವುದರಲ್ಲೇ ಎರಡು ವರ್ಷದ ಅನುಭವ ಬಂತು, ನೋಡಿ! ಹಾಗೆ ಸೇರಿದವರಲ್ಲೂ ಮುನ್ನೂರಕ್ಕೂ ಹೆಚ್ಚು ಟ್ರೈನಿಗಳನ್ನು ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್ಸಿನಿಂದ 2025ರ ಫೆಬ್ರವರಿಯಲ್ಲಿ ಒಳಪರೀಕ್ಷೆ ಪಾಸಾಗಲಿಲ್ಲವೆಂದು ಮನೆಗೆ ಕಳಿಸಿದರು.

ಕಾಯಲಾರದವರಿಗಾಗಿ ಬಿಟಿಎಂ ಲೇಔಟ್, ಮಾರತ್ತಹಳ್ಳಿ ಕಡೆಯ ಕರೆಂಟು ಕಂಬಗಳಿವೆ: ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’. ಅಂಥ ಕಡೆ ಕೆಲವರು ಪಿಸುಮಾತಿನಲ್ಲಿ ಅನುಭವವನ್ನೇ ಮಾರುತ್ತಾರೆ. ಲೆಟರ್‌ಹೆಡ್, ಸೀಲು, ಮೂರು ತಿಂಗಳ ಪೇ ಸ್ಲಿಪ್ಪು, ಫೋನೆತ್ತಿ ‘ಹೌದು ಸಾರ್, ನಮ್ಮಲ್ಲೇ ಇದ್ದ’ ಎನ್ನುವ ದನಿ, ಎಲ್ಲ ಸೇರಿ ಒಂದು ಪ್ಯಾಕೇಜ್. ಸಿಕ್ಕಿಬೀಳುವುದು ಸೀಲಿನಲ್ಲಿ ಅಲ್ಲ, ಪಿಎಫ್‌ನಲ್ಲಿ. ಪ್ರತಿ ನೌಕರರಿಗೂ ಇರುವ ಪಿಎಫ್ ಸಂಖ್ಯೆ ಯುಎಎನ್‌ನ ಸರ್ವಿಸ್ ಹಿಸ್ಟರಿಯಲ್ಲಿ ಯಾವ ಕಂಪನಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂದು ಇರುತ್ತದೆ. ಎರಡು ವರ್ಷ ದುಡಿದೆ ಎನ್ನುವವರ ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿಯೂ ಇಲ್ಲವೆಂದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನವರಿಗೆ ಅಲ್ಲೇ ಅರ್ಥವಾಗುತ್ತದೆ. ಸೇರಿದ ನಾಲ್ಕನೇ ತಿಂಗಳು ಸಿಕ್ಕಿಬಿದ್ದರೂ ಕೆಲಸ ಹೋಗುತ್ತದೆ. ಆಗ ಯುಎಎನ್‌ನಲ್ಲಿ ಉಳಿಯುವ ಆ ನಾಲ್ಕು ತಿಂಗಳೇ ಅವರ ಜೀವನದ ಮೊದಲ ನಿಜವಾದ ಅನುಭವ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ದುಡ್ಡು ಕೇಳುವವರು ಇನ್ನೊಂದು ಜಾತಿ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ, ಕೇಳಿ ಪಡೆದು ಮಾಯವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ಬಾಂಡು, ಅಂದರೆ ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ದುಡ್ಡು ಕಟ್ಟುತ್ತೇನೆಂದು ಬರೆದುಕೊಡುವ ಕರಾರು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ ದೃಢೀಕರಿಸಿದ ನಕಲು ಕೊಡಿ. ಒರಿಜಿನಲ್ ಒಳಗೆ ಹೋದರೆ ನೀವು ಹೊರಗೆ ಬರುವುದು ಅವರಿಗೆ ಮನಸ್ಸು ಬಂದಾಗ. ಬಾಂಡೆಂದರೆ ಬರೀ ಕಾಗದ ಎಂಬ ಹಾಸ್ಟೆಲ್ ಜ್ಞಾನವನ್ನೂ ನಂಬಬೇಡಿ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕೆಂದು ಹಾಕಿದ್ದ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕಿಗೆ ಹೊಸಬರನ್ನು ತುಂಬಿಕೊಳ್ಳಲು ಮತ್ತೆ ಜಾಹೀರಾತು, ಪರೀಕ್ಷೆ, ಖರ್ಚು ಎಲ್ಲ ಇದೆ ಎಂಬುದು ಅಲ್ಲಿ ತೂಗಿತು. ಮೂರು ದಿನ ಪಿಪಿಟಿ ತೋರಿಸಿ 3 ಲಕ್ಷ ಬರೆಸಿಕೊಳ್ಳುವವರ ಕಥೆ ಬೇರೆ: 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಸಿಗುವುದು ಸಮಂಜಸವೆಂದು ಕಂಡಷ್ಟು. ಸಹಿ ಹಾಕುವ ಮುಂಚೆ ತರಬೇತಿಯ ಖರ್ಚು, ಅವಧಿ ಎಲ್ಲಿ ಬರೆದಿದೆ ಎಂದು ಹುಡುಕಿ.

ಆಫೀಸಿನಲ್ಲಿ ನಿಜಕ್ಕೂ ಖುಷಿ ಇದೆಯೇ ಎಂದು ತಿಳಿಯಲು ರೇಟಿಂಗ್ ನೋಡುವ ಬದಲು ಸಂಜೆ ಆರೂವರೆಗೆ ಗೇಟಿನ ಎದುರಿನ ಟೀ ಅಂಗಡಿಗೆ ಹೋಗಿ ಬೈಟು ಕಾಫಿ ಹೇಳಿ. ಕೊರಳಲ್ಲಿ ಟ್ಯಾಗ್ ನೇತಾಡುವವರನ್ನು ಮೂರು ಪ್ರಶ್ನೆ ಕೇಳಿ: ಸಂಬಳ ಎಷ್ಟನೇ ತಾರೀಕಿಗೆ ಬೀಳುತ್ತೆ? ವಾರದ ರಜೆ ಯಾವ ದಿನ ಅಂತ ಮೊದಲೇ ಗೊತ್ತಿರುತ್ತಾ? ಈ ಸೀಟಲ್ಲಿ ನನಗಿಂತ ಮುಂಚೆ ಇದ್ದವರು ಎಲ್ಲಿಗೆ ಹೋದರು? ಮೂರನೆಯದಕ್ಕೆ ಅವರು ನಕ್ಕರೆ ಕಾಫಿ ದುಡ್ಡು ಕೊಟ್ಟು ಎದ್ದುಬನ್ನಿ.

ಬರುವಾಗ ಪಕ್ಕದ ದರ್ಶಿನಿಯ ಗಾಜಿನ ಮೇಲೆ ಅಂಟಿಸಿದ ಚೀಟಿಯನ್ನೂ ಓದಿ. ‘ಸಪ್ಲೈಯರ್, ಕ್ಲೀನರ್ ಬೇಕಾಗಿದ್ದಾರೆ. ಊಟ, ವಸತಿ ಉಚಿತ. ದೋಸೆ ಭಟ್ಟರಿಗೆ ಮಾತ್ರ ಅನುಭವ ಕಡ್ಡಾಯ.’ ಯಾಕೆ ಅವರಿಗೆ ಮಾತ್ರ ಎಂದು ಗಲ್ಲಾದಲ್ಲಿ ಕೂತವರನ್ನು ಕೇಳಿದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ: ಕಾವಲಿ ಹದ ತಪ್ಪಿದರೆ ದೋಸೆ ಏಳಲ್ಲ ಸ್ವಾಮಿ, ಲೋಟ ತೊಳೆಯೋದನ್ನ ನಾವೇ ಹೇಳಿಕೊಡ್ತೀವಿ.