ಕೆಂಪು ನೆಲದ ಲಿಪ್‌ಸ್ಟಿಕ್

ಮನೆಯಲ್ಲೇ ಲಿಪ್‌ಸ್ಟಿಕ್ ಮಾಡುವುದನ್ನು ಕಲಿಸುವವರೆಲ್ಲ ಮೊದಲು ಕೈಹಾಕುವುದು ಬೀಟ್‌ರೂಟಿಗೆ. ತುರಿಯಿರಿ, ಹಿಂಡಿರಿ, ರಸಕ್ಕೆ ತೆಂಗಿನೆಣ್ಣೆ ಬೆರೆಸಿರಿ, ಪೇಟೆಯ ವಿಷ ಅಲ್ಲಿಗೆ ಮನೆಯಿಂದಾಚೆ ಎಂದು ನಗುನಗುತ್ತಾ ಹೇಳುತ್ತಾರೆ. ಬೀಟ್‌ರೂಟಿನ ಬಣ್ಣ ನೀರಿಗೆ ಒಲಿದದ್ದು, ಎಣ್ಣೆಯನ್ನು ಕಂಡರೆ ಅದಕ್ಕಾಗದು. ಎಷ್ಟು ಕದಡಿದರೂ ಸ್ವಲ್ಪ ಹೊತ್ತಿಗೆ ರಸ ತಳಕ್ಕಿಳಿಯುತ್ತದೆ, ಎಣ್ಣೆ ಮೇಲೆ ನಿಲ್ಲುತ್ತದೆ. ಸೇರಿಸಲೇಬೇಕೆಂಬ ಹಟದಿಂದ ಕಾಯಿಸಿದರೆ ಕೆಂಪು ಹೋಗಿ ಕಂದು ಉಳಿಯುತ್ತದೆ. ನೀರಿನ ಪಸೆ ಇರುವುದರಿಂದ ಬೂಷ್ಟಿಗೂ ಆಹ್ವಾನ ಕೊಟ್ಟಂತೆ. ಬೆಂಗಳೂರಿನ ಆಷಾಢದ ಥಂಡಿಯಲ್ಲಿ ಅದು ಬೇಗನೆ ಬಂದು ಕೂರುತ್ತದೆ. ಬೀಟ್‌ರೂಟಿನ ಮಾನ ಉಳಿಯುವುದು ಪಲ್ಯದಲ್ಲಿಯೇ, ಮೇಲೆ ಒಂದಿಷ್ಟು ಕಾಯಿತುರಿ ಬಿದ್ದಾಗ.

ಬಣ್ಣದ ಜಗಳ ಬಿಟ್ಟರೆ ಲಿಪ್‌ಸ್ಟಿಕ್ಕಿನಲ್ಲಿ ದೊಡ್ಡ ರಹಸ್ಯವೇನಿಲ್ಲ. ಮೇಣ, ಎಣ್ಣೆ, ಒಂದಿಷ್ಟು ಕೋಕೋ ಬೆಣ್ಣೆ, ಅಷ್ಟೇ. ನೆಟ್ಟಗೆ ನಿಲ್ಲಿಸುವುದು ಮೇಣದ ಕೆಲಸ, ತುಟಿಯ ಮೇಲೆ ಜಾರಿಸುವುದು ಎಣ್ಣೆಯ ಕೆಲಸ. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಬೇಕು, ಆದ್ದರಿಂದ ಅದನ್ನು ನೇರವಾಗಿ ಉರಿಯ ಮೇಲಿಡದೆ, ಕುದಿಯುವ ನೀರಿನ ಪಾತ್ರೆಯೊಳಗೆ ಸಣ್ಣ ಸ್ಟೀಲ್ ಬಟ್ಟಲಿಟ್ಟು ಕರಗಿಸುತ್ತೇನೆ. ಹದ ನೋಡುವುದು ಪಾಕ ನೋಡಿದಂತೆಯೇ: ಫ್ರಿಜ್ಜಿನಲ್ಲಿಟ್ಟಿದ್ದ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಹೆಪ್ಪುಗಟ್ಟಿದ ಮೇಲೆ ಬೆರಳಲ್ಲಿ ಒತ್ತಿ ನೋಡುವುದು. ಉಗುರು ಇಳಿಯದಿದ್ದರೆ ಎಣ್ಣೆ, ಅಂಟಿಕೊಂಡು ಬಂದರೆ ಮೇಣ ಸೇರಿಸಬೇಕು. ತೆಂಗಿನೆಣ್ಣೆಯನ್ನು ನಾನು ದೂರವಿಟ್ಟಿದ್ದೇನೆ. ಸುಮಾರು 24 ಡಿಗ್ರಿಗೆ ಗಟ್ಟಿಯಾಗುವ ಪದಾರ್ಥ ಅದು. ಡಿಸೆಂಬರಿನ ಬೆಂಗಳೂರಿನಲ್ಲಿ ಸೀಸೆಯಿಂದ ಚಮಚದ ಹಿಡಿ ಹಾಕಿ ಕೀಳಬೇಕು, ಏಪ್ರಿಲಿನಲ್ಲಿ ಅದೇ ಎಣ್ಣೆ ನೀರಾಗಿರುತ್ತದೆ. ಋತು ನೋಡಿಕೊಂಡು ಲಿಪ್‌ಸ್ಟಿಕ್ ಹಚ್ಚಿಕೊಳ್ಳುವ ವ್ಯವಧಾನ ಯಾರಿಗಿದೆ?

ಹರಳೆಣ್ಣೆಗೆ ಮಾತ್ರ ಕೈಮುಗಿಯಬೇಕು. ಅಜ್ಜಿ ಶನಿವಾರದ ಎಣ್ಣೆಸ್ನಾನಕ್ಕೆ ನೆತ್ತಿಗೆ ತಟ್ಟುತ್ತಿದ್ದ, ಹೊಟ್ಟೆ ಕಟ್ಟಿತೆಂದರೆ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಅಂಟಂಟು ಎಣ್ಣೆಯನ್ನು ಲಿಪ್‌ಸ್ಟಿಕ್ ತಯಾರಕರು ಶತಮಾನಕ್ಕೂ ಹೆಚ್ಚು ಕಾಲದಿಂದ ನೆಚ್ಚಿಕೊಂಡಿದ್ದಾರೆ. ಮಂದವಾಗಿರುವುದರಿಂದ ಬಣ್ಣದ ಪುಡಿಯನ್ನು ತಳಕ್ಕೆ ಬೀಳಗೊಡದೆ ಹಿಡಿದಿಡುತ್ತದೆ, ತುಟಿಗೆ ಹೊಳಪನ್ನೂ ಕೊಡುತ್ತದೆ. ಹರಳು ಬೆಳೆಯುವುದರಲ್ಲಿ ಜಗತ್ತಿಗೇ ಮೊದಲು ನಾವು, ನಮ್ಮಲ್ಲಿ ಗುಜರಾತಿನವರು. ಪ್ಯಾರಿಸ್ಸಿನ ಬೆಡಗಿಯ ತುಟಿಯ ಮಿಂಚಿನಲ್ಲಿ ಗುಜರಾತಿನ ಹೊಲದ ಪಾಲೂ ಇದ್ದೀತು.

ಹಾಗಾದರೆ ಕೆಂಪಿಗೆ ಏನು ಮಾಡುವುದು? ನಮ್ಮ ಮನೆಗಳಲ್ಲಿ ಕೆಂಪಿಗೇನು ಬರ. ಆರತಿಯ ನೀರಿಗೆ ಅರಿಶಿನ ಹಾಕಿ ಚೂರು ಸುಣ್ಣ ಕದಡಿದರೆ ಕಣ್ಣೆದುರೇ ಓಕುಳಿಯಾಗುತ್ತದೆ. ಹಳೆಯ ಕಾಲದ ಕುಂಕುಮವೂ ಅರಿಶಿನದ ಮೇಲೆ ಕ್ಷಾರ ಮಾಡಿದ ಕೆಲಸವೇ. ಆದರೆ ಆ ಕೆಂಪಿಗೆ ನಿಯತ್ತಿಲ್ಲ, ನಿಂಬೆರಸ ಸೋಕಿದರೆ ಮರಳಿ ಹಳದಿ. ಚಿತ್ರಾನ್ನದ ಊಟಕ್ಕೆ ಕುಳಿತ ಹೆಣ್ಣುಮಗಳ ತುಟಿ ಏಳುವಾಗ ಏನಾಗಿರಬಹುದೆಂದು ಯೋಚಿಸಿ. ಅಜ್ಜಿಯಂತೂ ಯಾವ ಅಂಗಡಿಗೂ ಹೋಗದೆ ದಿನಕ್ಕೆ ಮೂರು ಹೊತ್ತು ತುಟಿ ಕೆಂಪಾಗಿಟ್ಟುಕೊಂಡಿದ್ದರು. ಎಲೆ, ಅಡಿಕೆ, ಸುಣ್ಣ ಮೂರೂ ಅವರ ಸಂಚಿಯಲ್ಲೇ ಇರುತ್ತಿದ್ದವು. ಅಡಿಕೆ ಬಾಯಿಗೆ ಮಾಡುವ ಹಾನಿ ಈಗ ಗೊತ್ತಿರುವುದರಿಂದ ಆ ದಾರಿಯೂ ಮುಚ್ಚಿತು.

ಗ್ರಂಥಿಗೆ ಅಂಗಡಿಯಲ್ಲಿ ರತನ್‌ಜೋತ್ ಎಂಬ ಬೇರು ಸಿಗುತ್ತದೆ. ಒಣಗಿದ ಮರದ ತೊಗಟೆಯ ಹಾಗೆ ಕಾಣುತ್ತದೆ, ಮುಟ್ಟಿದರೆ ಬೆರಳು ನೇರಳೆ. ಕಾಶ್ಮೀರದವರು ರೋಗನ್ ಜೋಶ್ ಎಂಬ ಮಾಂಸದಡುಗೆಗೆ ಬಣ್ಣ ಬರಿಸಲು ಇದನ್ನೂ ಬಳಸುತ್ತಾರೆ. ಇದು ಬೀಟ್‌ರೂಟಿನ ತದ್ವಿರುದ್ಧ ಸ್ವಭಾವದ್ದು. ನೀರಿಗೆ ಬಗ್ಗದು, ಬೆಚ್ಚನೆಯ ಎಣ್ಣೆಗೆ ಮನಸಾರೆ ಬಣ್ಣ ಬಿಡುತ್ತದೆ. ತುಟಿಗೆ ಹಚ್ಚಿದರೆ ಮಾತ್ರ ದ್ರಾಕ್ಷಿ ತಿಂದು ಬಂದಷ್ಟೇ ಬಣ್ಣ. ಮದುವೆ ಮನೆಗೆ ಸಾಲದು.

ಕೊನೆಗೆ ಕೆಲಸಕ್ಕೆ ಬರುವುದು ಐರನ್ ಆಕ್ಸೈಡ್, ಅಂದರೆ ತುಕ್ಕಿನ ದಾಯಾದಿ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಓಡಾಡಿದವರಿಗೆ ಇದರ ಪರಿಚಯ ಪಾದದಿಂದಲೇ ಆಗಿರುತ್ತದೆ. ರೆಡ್ ಆಕ್ಸೈಡ್ ನೆಲ! ಸಿಮೆಂಟಿಗೆ ಈ ಪುಡಿ ಬೆರೆಸಿ, ತಿಕ್ಕಿ ನುಣುಪು ಮಾಡಿ, ಮೇಲೆ ಎಣ್ಣೆಯೋ ಮೇಣವೋ ಸವರಿ ಮಿಂಚಿಸುತ್ತಿದ್ದ ನೆಲ. ಮೇಣ, ಎಣ್ಣೆ, ಕೆಂಪು ಆಕ್ಸೈಡ್: ಲಿಪ್‌ಸ್ಟಿಕ್ಕಿಗೆ ಇನ್ನೇನು ಬೇಕು? ಮನೆಯ ಹೆಂಗಸರು ತುಟಿಗೆ ರಂಗು ಹಚ್ಚಿದರೆ ಸಿಡುಕುತ್ತಿದ್ದ ಹಿರಿಯರು ಅದೇ ರಂಗಿನ ಮೇಲೆ ಚಾಪೆ ಹಾಸಿ ಮಧ್ಯಾಹ್ನದ ನಿದ್ದೆ ತೆಗೆಯುತ್ತಿದ್ದರು.

ಹಾಗೆಂದು ಹಾರ್ಡ್‌ವೇರ್ ಅಂಗಡಿಯ ಪುಡಿಯನ್ನು ತುಟಿಗೆ ತರಬಾರದು. ಗಣಿಯಿಂದ ಬಂದ ಆಕ್ಸೈಡಿನ ಜೊತೆಗೆ ಸೀಸವೂ ಆರ್ಸೆನಿಕ್ಕೂ ಬರಬಹುದೆಂದೇ ಸೌಂದರ್ಯ ಸಾಧನಗಳಿಗೆ ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಿದ್ದನ್ನು ಬಳಸುತ್ತಾರೆ. ನೆಲದಿಂದ ಅಗೆದ ನೈಸರ್ಗಿಕ ಸರಕೇ ಇಲ್ಲಿ ಅಪಾಯದ್ದು, ಕಾರ್ಖಾನೆಯದೇ ವಾಸಿ. ಬೀಟ್‌ರೂಟ್ ಪಕ್ಷದವರಿಗೆ ಇದನ್ನು ಹೇಳಿ ನೋಡಿ, ಮುಖ ಸಣ್ಣದಾಗುತ್ತದೆ. ಮಕ್ಕಳ ಕ್ರೇಯಾನ್ ಕರಗಿಸಿ ತುಟಿಗೆ ಹಚ್ಚುವ ಇನ್ನೊಂದು ಪಂಗಡವಿದೆ, ಅವರ ಬಗ್ಗೆ ಮಾತನಾಡುವುದೇ ಬೇಡ.

ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಹಂತವೆಂದರೆ ಅರೆಯುವುದು. ಪುಡಿಗೆ ಅದರ ಎರಡರಷ್ಟು ಹರಳೆಣ್ಣೆ ಹಾಕಿ ಸಣ್ಣ ಕಲ್ಬತ್ತಿನಲ್ಲಿ ತಿಕ್ಕಬೇಕು. ಮೊದಲು ಕೆಸರಿನಂತಿದ್ದು, ಬಿಳಿ ಪಿಂಗಾಣಿ ತಟ್ಟೆಗೆ ಸವರಿದರೆ ಗೆರೆಯೊಳಗೆ ಚುಕ್ಕೆಚುಕ್ಕೆ ಕಾಣುತ್ತದೆ. ಮತ್ತೆ ತಿಕ್ಕು, ಮತ್ತೆ ಸವರು. ಚುಕ್ಕೆಗಳು ಸಣ್ಣವಾಗುತ್ತಾ ಹೋಗಿ, ಒಂದು ಗಳಿಗೆಯಲ್ಲಿ ಗೆರೆ ರೇಷ್ಮೆಯ ಅಂಚಿನಷ್ಟು ನಯವಾಗಿ ಹರಿಯುತ್ತದೆ. ಆಗ ಹಳದಿ ಆಕ್ಸೈಡ್ ಚಿಟಿಕೆ ಹಾಕಿದರೆ ಇಟ್ಟಿಗೆಯ ಬಣ್ಣ, ಕಪ್ಪು ತುಸು ತಾಗಿಸಿದರೆ ಕಾಫಿಪುಡಿಯ ಬಣ್ಣ. ಇದರಿಂದ ದುಡ್ಡು ಉಳಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ತಪ್ಪುವುದು ಕೊಳವೆಯ ಕೆಳಗಿನ ಚೀಟಿಯಲ್ಲಿ ಬಣ್ಣಕ್ಕೆ ಬೇರೆ ಯಾರೋ ಇಟ್ಟ ಹೆಸರನ್ನು ಒಪ್ಪಿಕೊಳ್ಳುವ ಕರ್ಮ. ನಮ್ಮ ಸೀರೆ ಅಂಗಡಿಗಳಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣ ಎಂದರೆ ಸಾಕು, ಹುಡುಗ ಸರಿಯಾದ ಕಪಾಟಿಗೇ ಕೈಹಾಕುತ್ತಾನೆ. ಲಿಪ್‌ಸ್ಟಿಕ್ಕಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ನಮ್ಮ ಕಟ್ಟಡದಲ್ಲಿ ಬರತೊಡಗಿದೆ. ರವಿಕೆಗೆ ಮ್ಯಾಚಿಂಗ್ ಹುಡುಕಿ ಚಿಕ್ಕಪೇಟೆಯೆಲ್ಲ ಅಲೆಯುವ ಮೇಲಿನ ಮನೆಯವರು ಸೆರಗಿನ ಅಂಚಿನ ತುಂಡೊಂದನ್ನು ತಂದು, “ಇದಕ್ಕೊಪ್ಪುವ ಹಾಗೆ ಮಾಡಿಕೊಡಮ್ಮ, ಭಾನುವಾರ ಆರತಕ್ಷತೆ” ಎಂದರು. ಬದನೆಕಾಯಿ ಬಣ್ಣ. ರತನ್‌ಜೋತಿನ ಎಣ್ಣೆಯಲ್ಲಿ ಆಕ್ಸೈಡ್ ಅರೆದು, ಸಾಸಿವೆಯಷ್ಟು ಕಪ್ಪು ಸೇರಿಸಿದರೆ ಹತ್ತಿರಕ್ಕೆ ಬರುತ್ತದೆ. ದುಡ್ಡು ಬೇಡವೆಂದದ್ದಕ್ಕೆ ಊರಿನಿಂದ ಬಂದ ಒಂದು ಸೀಸೆ ಹರಳೆಣ್ಣೆ ಕೊಟ್ಟು ಹೋದರು, ಮುಂದಿನ ಸಲಕ್ಕೆ ಎಂದು. ಮನೆಯಲ್ಲಿ ಕುದಿಸಿ ತೆಗೆದ ಎಣ್ಣೆಗೆ ಘಾಟು ಜಾಸ್ತಿ, ತುಟಿಯ ಹತ್ತಿರ ಸುಳಿಯಗೊಡುವಂತಿಲ್ಲ. ಹಾಗೆಂದು ಅವರಿಗೆ ಹೇಳುವುದು ಹೇಗೆ, ಶನಿವಾರ ತಲೆಗೆ ಹಚ್ಚಿಕೊಳ್ಳುತ್ತಿದ್ದೇನೆ.